ಸೈತಾನನನ್ನು ಎಲ್ಲಿ ಹುಡುಕಬೇಕು

ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ಹೊಸದಾಗಿ ಕ್ರೈಸ್ತರಾಗುವವರು ಈಸ್ಟರ್ ಹಬ್ಬದ ಹಿಂದಿನ ರಾತ್ರಿ ದೀಕ್ಷಾಸ್ನಾನದ ಮನೆಯ ಹೊರಕೋಣೆಯಲ್ಲಿ ಬಂದು ನಿಲ್ಲುತ್ತಿದ್ದರು. ಮೊದಲು ಪಡುವಣಕ್ಕೆ ಮುಖ ಮಾಡಬೇಕು. ಕೈಯನ್ನು ಮುಂದೆ ಚಾಚಿ, ಸೈತಾನ ಎದುರಿಗೇ ನಿಂತಿದ್ದಾನೇನೋ ಎಂಬಂತೆ, ಏಕವಚನದಲ್ಲಿ ಅವನಿಗೇ ಮಾತು: ನಿನ್ನನ್ನು ಬಿಟ್ಟೆ, ನಿನ್ನ ಕೆಲಸಗಳನ್ನು, ನಿನ್ನ ಆಡಂಬರವನ್ನು, ನಿನ್ನ ಸೇವೆಯನ್ನು ಬಿಟ್ಟೆ ಎಂಬ ಅರ್ಥದ ಮಾತು. ಸೂರ್ಯ ಮುಳುಗುವ ದಿಕ್ಕು ಕತ್ತಲೆಯದು, ಅದಕ್ಕೇ ಪಡುವಣ. ಆಮೇಲೆ ಮೂಡಣಕ್ಕೆ ತಿರುಗಿ ವಿಶ್ವಾಸ ಒಪ್ಪಿಕೊಳ್ಳುವುದು. ಬಿಷಪ್ ಸಿರಿಲ್‌ನ ಹೆಸರಿನಲ್ಲಿ ಉಳಿದಿರುವ ಉಪನ್ಯಾಸಗಳಲ್ಲಿ ಈ ವಿಧಿಯ ವಿವರಣೆಯಿದೆ. ಆಡಂಬರ ಎಂದರೇನು ಎಂಬುದಕ್ಕೆ ಅಲ್ಲಿ ಕೊಡುವ ಉದಾಹರಣೆಗಳು ನಾಟಕಶಾಲೆಯ ಹುಚ್ಚು, ಕುದುರೆ ಜೂಜು, ಮೃಗಗಳ ಬೇಟೆಯ ಪ್ರದರ್ಶನ. ಸೇವೆ ಎಂಬುದರಲ್ಲಿ ತಾಯಿತ, ಶಕುನ, ನೀರಿನ ಬುಗ್ಗೆಯ ಬಳಿ ದೀಪ ಹಚ್ಚುವುದು ಸೇರುತ್ತವೆ.

ಈ ಪಟ್ಟಿಯನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಗಮನಿಸಬೇಕಾದದ್ದು ಒಂದೇ: ಅಲ್ಲಿ ನಿಂತವನು ಬಿಡುತ್ತಿದ್ದುದೆಲ್ಲ ನಿನ್ನೆಯವರೆಗೆ ತಾನೇ ಮಾಡುತ್ತಿದ್ದದ್ದು. ಪಕ್ಕದ ಮನೆಯವರ ಹೆಸರು ಅಲ್ಲಿ ಬರುವುದಿಲ್ಲ. ಸೈತಾನನ ಕಡೆಗೆ ಚಾಚಿದ ಕೈ ಇನ್ನೊಬ್ಬ ಮನುಷ್ಯನ ಕಡೆಗೆ ಚಾಚಿದ್ದಲ್ಲ.

ಇವತ್ತು ಸೈತಾನನ ಮಾತು ಬಂದರೆ ಕ್ರೈಸ್ತರಲ್ಲಿ ಎರಡು ಗುಂಪು ಕಾಣುತ್ತದೆ. ಓದಿಕೊಂಡ, ನಗರವಾಸಿ ವಿಶ್ವಾಸಿಗಳಿಗೆ ಅದು ಅಜ್ಜಿಯ ಕಾಲದ ಸಂಗತಿ, ಸ್ವಲ್ಪ ಮುಜುಗರ. ಇನ್ನೊಂದು ಕಡೆ, ದೊಡ್ಡ ಮೈದಾನದಲ್ಲಿ ಮೈಕು ಹಿಡಿದು ದೆವ್ವ ಬಿಡಿಸುವವರು, ಅವರ ವಿಡಿಯೋಗಳು, ಅವರ ಅಭಿಮಾನಿಗಳು. ಮೊದಲ ಗುಂಪು ಎರಡನೆಯದನ್ನು ಕಂಡು ಇನ್ನಷ್ಟು ನಾಚುತ್ತದೆ. ಎರಡನೆಯದು ಮೊದಲನೆಯದನ್ನು ಅರೆವಿಶ್ವಾಸಿ ಎನ್ನುತ್ತದೆ. ಇಬ್ಬರ ಜಗಳವೂ ಸೈತಾನ ಇದ್ದಾನೆಯೇ ಇಲ್ಲವೇ ಎಂಬುದರ ಸುತ್ತ. ಕ್ರೈಸ್ತ ಪರಂಪರೆಯ ಹಳೆಯ ಪುಟಗಳನ್ನು ತಿರುಗಿಸಿದರೆ ಇದು ಅಷ್ಟೇನೂ ಮುಖ್ಯ ಜಗಳವಲ್ಲ ಎನಿಸುತ್ತದೆ. ಇದ್ದಾನೆ ಎಂದು ನಂಬಿದವರೊಳಗೇ ಅವನನ್ನು ಎಲ್ಲಿ ಹುಡುಕಬೇಕು ಎಂಬುದರ ಬಗ್ಗೆ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ತನ್ನೊಳಗೆ ಹುಡುಕಿದವರಿಂದ ಜಗತ್ತಿಗೆ ಒಂದು ಸೂಕ್ಷ್ಮ ಮನಶ್ಶಾಸ್ತ್ರ ಸಿಕ್ಕಿತು. ಇನ್ನೊಬ್ಬರೊಳಗೆ ಹುಡುಕಿದವರಿಂದ ಸಿಕ್ಕಿದ್ದು ಚಿತೆ.

ಎಫೆಸದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಎಲ್ಲರಿಗೂ ಗೊತ್ತಿರುವಂಥದು. ಆಧ್ಯಾತ್ಮಿಕ ಯುದ್ಧದ ಬಗ್ಗೆ ಮಾತನಾಡುವ ಯಾವ ಬೋಧಕನೂ ಅದನ್ನು ಬಿಡುವುದಿಲ್ಲ. ಪೌಲನೇ ಬರೆದದ್ದೋ ಶಿಷ್ಯನದೋ ಎಂದು ಪಂಡಿತರು ಚರ್ಚಿಸುತ್ತಾರೆ. ಪತ್ರವಂತೂ ಸೆರೆಯಲ್ಲಿರುವವನ ದನಿಯಲ್ಲಿದೆ. ರೋಮನ್ ಸಿಪಾಯಿಯ ಸಜ್ಜನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ: ಸತ್ಯದ ನಡುಪಟ್ಟಿ, ನೀತಿಯ ಎದೆಕವಚ, ಸಮಾಧಾನದ ಸುವಾರ್ತೆಯ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ಆತ್ಮದ ಕತ್ತಿ. ಆರರಲ್ಲಿ ಹೊಡೆಯುವುದಕ್ಕೆ ಬರುವುದು ಒಂದೇ. ಅದೂ ದೇವರ ವಾಕ್ಯ. ಯುದ್ಧಕ್ಕೆ ಹೊರಟವನ ಕಾಲಿಗೆ ಸಮಾಧಾನದ ಕೆರ ತೊಡಿಸಿದ್ದು ಚಿಕ್ಕ ವಿಷಯವಲ್ಲ. ಮತ್ತೆ ಮತ್ತೆ ಬರುವ ಕ್ರಿಯಾಪದವೂ ನುಗ್ಗು ಎಂಬುದಲ್ಲ, ನಿಲ್ಲು ಎಂಬುದು. ಈ ಎಲ್ಲಕ್ಕೂ ಮೊದಲೇ ಒಂದು ಷರತ್ತು ಇದೆ. ಈ ಹೋರಾಟ ರಕ್ತಮಾಂಸವಿರುವವರ ಮೇಲಲ್ಲ. ಅಂದರೆ ಎದುರಾಳಿಗೆ ಮುಖವಿದ್ದರೆ, ಹೆಸರಿದ್ದರೆ, ರೇಷನ್ ಕಾರ್ಡ್ ಇದ್ದರೆ, ಆ ವ್ಯಕ್ತಿ ಶತ್ರುವಲ್ಲ. ಮೈದಾನದ ಬೋಧಕರು ಕವಚದ ಪಟ್ಟಿಯನ್ನು ಬಾಯಿಪಾಠ ಹೇಳಿ ಈ ಷರತ್ತನ್ನು ಮಾತ್ರ ವೇಗವಾಗಿ ದಾಟಿಬಿಡುತ್ತಾರೆ.

ಇದನ್ನು ಅಕ್ಷರಶಃ ತೆಗೆದುಕೊಂಡವರು ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳು. ಅವರಲ್ಲಿ ಇವಾಗ್ರಿಯಸ್ ಎಂಬವನ ಕಥೆ ಹೇಳಲೇಬೇಕು. ಕಪ್ಪು ಸಮುದ್ರದ ದಕ್ಷಿಣಕ್ಕಿರುವ ಪೊಂಟಸ್ ಪ್ರಾಂತದವನು, ಸುಮಾರು 345ರಲ್ಲಿ ಹುಟ್ಟಿದವನು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರುವಾಸಿ ವಾಗ್ಮಿ. ಅಲ್ಲಿ ಒಬ್ಬ ದೊಡ್ಡ ಮನೆತನದ ವಿವಾಹಿತ ಹೆಂಗಸಿನ ಮೇಲೆ ಮನಸ್ಸಾಗಿ, ಊರು ಬಿಟ್ಟು ಜೆರುಸಲೇಮಿಗೆ ಓಡಿದ. ಅಲ್ಲೂ ಒಳ್ಳೆಯ ಬಟ್ಟೆ, ಒಳ್ಳೆಯ ಮಾತು ಅವನನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಕಾಯಿಲೆ ಮಲಗಿ, ಕೊನೆಗೆ ಮೆಲಾನಿಯಾ ಎಂಬ ಸಂನ್ಯಾಸಿನಿಯ ಮಾತು ಕೇಳಿ 383ರ ಹೊತ್ತಿಗೆ ಈಜಿಪ್ಟಿಗೆ ಹೋದ. ಸಾಯುವವರೆಗೆ, ಅಂದರೆ 399ರವರೆಗೆ, ನಿತ್ರಿಯಾ ಮತ್ತು ಕೆಲ್ಲಿಯಾದ ಗುಡಿಸಲುಗಳಲ್ಲಿ ಪುಸ್ತಕ ನಕಲು ಮಾಡುತ್ತಾ ಇದ್ದ. ತನ್ನ ಮನಸ್ಸೇ ತನಗೆ ಕೊಟ್ಟ ಕಾಟವನ್ನು ಇಷ್ಟು ಶಿಸ್ತಿನಿಂದ ಗಮನಿಸಿ ಬರೆದಿಟ್ಟ ಮನುಷ್ಯ ಆ ಕಾಲದಲ್ಲಿ ಇನ್ನೊಬ್ಬನಿಲ್ಲ ಎಂದರೂ ತಪ್ಪಾಗದು.

ಅವನ ಪ್ರಕಾರ ದೆವ್ವಗಳು ಮರುಭೂಮಿಯ ಒಂಟಿ ಮನುಷ್ಯನ ಮೇಲೆ ಬರುವುದು ಆಲೋಚನೆಗಳ ರೂಪದಲ್ಲಿ. ಅವು ಎಂಟು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಚಟ, ಅಹಂಕಾರ. ಶಿಷ್ಯಪರಂಪರೆಯ ಕಾಸಿಯನ್ ಇದನ್ನು ಫ್ರಾನ್ಸಿನ ದಕ್ಷಿಣಕ್ಕೆ ಒಯ್ದ. ಸುಮಾರು ಇನ್ನೂರು ವರ್ಷದ ಮೇಲೆ ಪೋಪ್ ಗ್ರೆಗರಿ ಕೂಡಿಸಿ ಕಳೆದು ಏಳು ಮಾಡಿದ. ಸಿನಿಮಾ ಕಾದಂಬರಿಗಳಲ್ಲಿ ಬರುವ ಏಳು ಮಹಾಪಾಪಗಳು ಇವೇ. ಆದರೆ ಇವಾಗ್ರಿಯಸ್ ಪಾಪ ಎನ್ನಲಿಲ್ಲ, ಆಲೋಚನೆ ಎಂದ. ಅವು ಬಂದು ಕಾಡುತ್ತವೆಯೋ ಇಲ್ಲವೋ ಎಂಬುದು ಮನುಷ್ಯನ ಕೈಯಲ್ಲಿಲ್ಲ, ಬಂದವು ಮನೆಮಾಡಿಕೊಳ್ಳುತ್ತವೆಯೋ ಇಲ್ಲವೋ ಎಂಬುದು ಅವನ ಕೈಯಲ್ಲಿದೆ ಎನ್ನುವುದು ಅವನ ಇಡೀ ಬೋಧನೆಯ ಬುನಾದಿ. ಕೆಟ್ಟ ಯೋಚನೆ ಬಂದದ್ದಕ್ಕೇ ತಾನು ಕೆಟ್ಟವನು ಎಂದು ಒದ್ದಾಡುವವರಿಗೆ ಇದಕ್ಕಿಂತ ಹಗುರಾದ ಮಾತು ಸಿಗಲಿಕ್ಕಿಲ್ಲ.

ಎಂಟರಲ್ಲಿ ಬೇಸರದ ದೆವ್ವದ ವರ್ಣನೆ ಓದಿದರೆ ಹದಿನಾರು ನೂರು ವರ್ಷ ಹಳೆಯದು ಎನಿಸುವುದಿಲ್ಲ. ಅದಕ್ಕೆ ನಡುಹಗಲಿನ ದೆವ್ವ ಎಂದು ಹೆಸರು. ಬೆಳಿಗ್ಗೆ ಹತ್ತರ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಎರಡರವರೆಗೆ ಹಿಡಿಯುತ್ತದೆ. ಸೂರ್ಯ ಚಲಿಸುತ್ತಿಲ್ಲ, ದಿನಕ್ಕೆ ಐವತ್ತು ಗಂಟೆ ಎನಿಸುತ್ತದೆ. ಸಂನ್ಯಾಸಿ ಮತ್ತೆ ಮತ್ತೆ ಕಿಟಕಿಗೆ ಹೋಗುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಬಿಸಿಲು ನೋಡುತ್ತಾನೆ, ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕುತ್ತಾನೆ. ಆಮೇಲೆ ಈ ಜಾಗ ಸರಿಯಿಲ್ಲ, ಈ ಕೆಲಸ ಸರಿಯಿಲ್ಲ, ಇಲ್ಲಿ ಯಾರಿಗೂ ಯಾರ ಮೇಲೂ ಪ್ರೀತಿಯಿಲ್ಲ ಎನಿಸುತ್ತದೆ. ಇದಕ್ಕಿಂತ ಸುಲಭದ, ಲಾಭದ ಕಸುಬಿರುವ ಇನ್ನೊಂದು ಊರು ಕಣ್ಣಿಗೆ ಕಟ್ಟುತ್ತದೆ. ಬಿಟ್ಟು ಬಂದ ಮನೆಮಂದಿ ನೆನಪಾಗುತ್ತಾರೆ. ಮುಂದೆ ಉಳಿದಿರುವ ಉದ್ದ ಆಯಸ್ಸು ಎದುರಿಗೆ ಹಾಸಿಕೊಳ್ಳುತ್ತದೆ. ಪುಣೆಯ ಐಟಿ ಕಚೇರಿಯಲ್ಲೋ ದೆಹಲಿಯ ಬಾಡಿಗೆ ಕೋಣೆಯಲ್ಲೋ ಕೂತು, ಮಧ್ಯಾಹ್ನ ಹನ್ನೆರಡಕ್ಕೆ ಹತ್ತನೇ ಸಲ ಫೋನ್ ತೆರೆದವರಿಗೆ ಈ ದೆವ್ವದ ಪರಿಚಯ ಬೇರೆ ಬೇಕಿಲ್ಲ.

ಮದ್ದುಗಳೂ ಅಷ್ಟೇ ನೆಲದ ಮೇಲಿನವು. ಬೇಸರಕ್ಕೆ ಮದ್ದು ಕೋಣೆ ಬಿಟ್ಟು ಕದಲದಿರುವುದು. ಯಾರ ಮೇಲಾದರೂ ಸಿಟ್ಟು ಒಳಗೇ ಕೂತಿದ್ದರೆ ಅವರಿಗೊಂದು ಉಡುಗೊರೆ ಕೊಡಬೇಕು, ಕೊಡಲು ಕೈಯಲ್ಲಿ ಏನೂ ಇಲ್ಲದವರು ಕರೆದು ಊಟ ಹಾಕಬೇಕು. ಇನ್ನು ಒಂದೊಂದು ಆಲೋಚನೆಗೂ ಎದುರು ಹೇಳಲು ಬೈಬಲಿನಿಂದ ಆರಿಸಿದ ವಾಕ್ಯಗಳ ಒಂದು ಕೈಪಿಡಿಯನ್ನೇ ಅವನು ಮಾಡಿದ; ಎಂಟು ಭಾಗ, ಹತ್ತಿರ ಹತ್ತಿರ ಐನೂರು ನಮೂದು. ಅಡವಿಯಲ್ಲಿ ಸೈತಾನ ಮೂರು ಸಲ ಕೇಳಿದ್ದಕ್ಕೆ ಯೇಸು ಮೂರು ಸಲವೂ ಶಾಸ್ತ್ರದ ಮಾತಿನಿಂದಲೇ ಉತ್ತರ ಕೊಟ್ಟನಲ್ಲ, ಅದೇ ಮಾದರಿ. ಆಲೋಚನೆಯನ್ನು ಗುರುತಿಸು, ಹೆಸರಿಡು, ಉತ್ತರ ಕೊಡು, ಕೆಲಸಕ್ಕೆ ಮರಳು. ಈಗಿನ ಆಪ್ತಸಮಾಲೋಚಕರು ಹೇಳುವುದಕ್ಕೆ ಇದು ಹತ್ತಿರವಿದೆ ಎಂದು ಬೀಗಬೇಕಾಗಿಲ್ಲ. ಆದರೂ ದೂರವಿಲ್ಲ.

ಈ ಲೇಖನದ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಇವಾಗ್ರಿಯಸ್ ಹೊಗಳಿಕೆಯ ಚಟದ ಬಗ್ಗೆ ಬರೆದದ್ದು. ಅದು ಹಿಡಿದ ಸಂನ್ಯಾಸಿ ಹಗಲುಗನಸು ಕಾಣುತ್ತಾನೆ. ಏನು ಕನಸು? ತನ್ನೆದುರು ದೆವ್ವಗಳು ಕಿರುಚಾಡುತ್ತಿವೆ, ಹೆಂಗಸರ ಕಾಯಿಲೆ ವಾಸಿಯಾಗುತ್ತಿದೆ, ಜನ ನುಗ್ಗಿ ಬಂದು ತನ್ನ ಬಟ್ಟೆಯ ಅಂಚು ಮುಟ್ಟುತ್ತಿದ್ದಾರೆ, ಬಾಗಿಲಲ್ಲಿ ಗುಂಪು ಕಾಯುತ್ತಿದೆ. ದೆವ್ವ ಬಿಡಿಸುವವನಾಗಬೇಕೆಂಬ ಆಸೆಯೇ ಒಂದು ದೆವ್ವ! ಮೈದಾನದ ಸಭೆಗಳ ಮೇಲೆ ಹೊರಗಿನ ವಿಚಾರವಾದಿಗಳು ಮಾಡಿದ ಯಾವ ಟೀಕೆಯೂ ಇಷ್ಟು ಒಳಕ್ಕೆ ಇಳಿದಿಲ್ಲ. ಇದನ್ನು ಬರೆದವನು ದೆವ್ವಗಳಿವೆ ಎಂದು ಪೂರಾ ನಂಬಿದ್ದವನು ಎಂಬುದನ್ನು ಮರೆಯಬಾರದು.

ಹಾಗೆಂದು ಮರುಭೂಮಿಯನ್ನು ಪುಣ್ಯಭೂಮಿ ಮಾಡಿ ಕೂರಿಸುವಂತಿಲ್ಲ. ಅಥನೇಷಿಯಸ್ ಬರೆದ ಅಂತೋನಿಯ ಜೀವನಚರಿತ್ರೆ ಆ ಲೋಕದ ಅತ್ಯಂತ ಜನಪ್ರಿಯ ಪುಸ್ತಕ. ದೆವ್ವಗಳು ಸದ್ದು ಮಾಡುತ್ತವೆಯೇ ಹೊರತು ಶಕ್ತಿಯಿಲ್ಲದವು, ಹೆದರಬೇಡಿ ಎನ್ನುವುದು ಅಲ್ಲಿ ಅಂತೋನಿಯ ಉಪದೇಶದ ತಿರುಳು. ಅದೇ ಪುಸ್ತಕದಲ್ಲಿ ಕಾಮದ ದೆವ್ವ ಒಬ್ಬ ಕಪ್ಪು ಹುಡುಗನ ರೂಪದಲ್ಲಿ ಬಂದು ಕೂರುತ್ತದೆ. ಆಲೋಚನೆಗೆ ಮೈಬಣ್ಣ ಬಂತು. ಅನ್ಯರ ದೇವರುಗಳೆಲ್ಲ ದೆವ್ವಗಳು ಎಂಬ ಎಣಿಕೆಯೂ ಮೊದಲ ಶತಮಾನಗಳಿಂದಲೇ ಇತ್ತು. ಒಳಗೆ ನೋಡುವ ಕಣ್ಣು ಹೊರಗೆ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕನ್ನಡಕ್ಕೆ ಈ ತಿರುವು ಭಾಷೆಯಲ್ಲೇ ಗೊತ್ತು. ಸಂಸ್ಕೃತದ ದೈವ ಪ್ರಾಕೃತದ ಹಾದಿಯಲ್ಲಿ ಬಂದು ದೆವ್ವವಾಯಿತು; ಒಂದೇ ಪದದ ಎರಡು ಮುಖ. ಕನ್ನಡ ಬೈಬಲಿನಲ್ಲಿ ಯೇಸು ಬಿಡಿಸುವುದು ದೆವ್ವವನ್ನು. ಘಟ್ಟದ ಕೆಳಗೆ ತುಳುವರು ಕೋಲ ಕೊಟ್ಟು ನ್ಯಾಯ ಕೇಳುವುದು ದೈವವನ್ನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಈ ಎರಡೂ ಒಂದೇ ಆಗಿ ಕಂಡಿತು. ಅವರ ಕೆಲಸದ ಶ್ರದ್ಧೆಯ ಬಗ್ಗೆ ಅನುಮಾನ ಬೇಡ. ಆಗುಸ್ಟ್ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ ಪಾಡ್ದನಗಳ ಸಂಗ್ರಹವನ್ನೂ ಮಿಷನ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ. ದೈವಗಳ ಹುಟ್ಟುಕಥೆ ಮೊದಲು ಅಚ್ಚಿನಲ್ಲಿ ಉಳಿದದ್ದು ಆ ದೈವಗಳನ್ನು ಬಿಡಿಸಲು ಬಂದವರ ಕೈಯಿಂದ. ಬರ್ನೆಲ್‌ನ ಕಾಗದಪತ್ರಗಳಲ್ಲಿದ್ದ ಸಾಮಗ್ರಿ 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತುಕಂತಾಗಿ ಬಂದಾಗ ಅದಕ್ಕೆ ಕೊಟ್ಟ ತಲೆಬರಹ ತುಳುವರ ಡೆವಿಲ್ ಪೂಜೆ ಎಂದು.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಭೂತದ ಹರಕೆ ತಪ್ಪಿತೆಂದು ನಡುಗುತ್ತಾ ಬದುಕಿದವನಿಗೆ, ಯಜಮಾನಿಕೆಯ ಮನೆಯ ದೈವದ ಹೆಸರಿನಲ್ಲಿ ತಲೆಬಾಗಿದವನಿಗೆ, ಅದಕ್ಕೆ ನಿನ್ನ ಮೇಲೆ ಯಾವ ಅಧಿಕಾರವೂ ಇಲ್ಲ ಎಂಬ ಸುದ್ದಿ ದೊಡ್ಡ ಬಿಡುಗಡೆಯಾಗಿರಬಹುದು. ಬಾಸೆಲ್ ಮಿಷನ್ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದಿತ್ತು ಎಂಬುದನ್ನು ಬರೀ ಆಮಿಷದಿಂದ ವಿವರಿಸಲಾಗದು. ಆದರೆ ‘ಅದಕ್ಕೆ ಶಕ್ತಿಯಿಲ್ಲ’ ಎನ್ನುವುದಕ್ಕೂ ‘ಅದು ಸೈತಾನ’ ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ಹೆದರಿಕೆಯನ್ನು ಕಳೆಯುತ್ತದೆ. ಎರಡನೆಯದು ಹೆದರಿಕೆಯನ್ನು ಹಾಗೇ ಇಟ್ಟು ಹೆಸರು ಬದಲಿಸುತ್ತದೆ, ಜೊತೆಗೆ ನಿನ್ನೆಯವರೆಗಿನ ನೆಂಟರನ್ನೂ ಆ ಹೆಸರಿನೊಳಗೆ ಸೇರಿಸುತ್ತದೆ. ಅಂತೋನಿಯ ಉಪದೇಶ ಮೊದಲನೆಯ ಬಗೆಯದು. ಮಿಷನ್ ವರದಿಗಳ ಭಾಷೆ ಬಹುಮಟ್ಟಿಗೆ ಎರಡನೆಯದು.

ಹೊರಗೆ ತಿರುಗಿದ ಕಣ್ಣು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಯುರೋಪು ಹದಿನೈದರಿಂದ ಹದಿನೆಂಟನೇ ಶತಮಾನದವರೆಗೆ ತೋರಿಸಿತು. ಮಾಟಗಾತಿಯರೆಂದು ಕೊಲ್ಲಲ್ಪಟ್ಟವರ ಸಂಖ್ಯೆಯನ್ನು ಇತಿಹಾಸಕಾರರು ಸುಮಾರು 40,000ದಿಂದ 60,000 ಎಂದು ಅಂದಾಜು ಮಾಡುತ್ತಾರೆ, ಹೆಚ್ಚಿನವರು ಹೆಂಗಸರು. ಆ ಕತ್ತಲೆಯಲ್ಲಿ ಒಂದು ವಿಚಿತ್ರ ಪ್ರಕರಣವಿದೆ. 1610ರ ನವೆಂಬರಿನಲ್ಲಿ ಸ್ಪೇನಿನ ಲೊಗ್ರೊನ್ಯೊ ಪಟ್ಟಣದಲ್ಲಿ ಬಾಸ್ಕ್ ಸೀಮೆಯ ಆರು ಜನರನ್ನು ಸುಡಲಾಯಿತು. ಸೆರೆಯಲ್ಲೇ ಸತ್ತಿದ್ದ ಐವರ ಪ್ರತಿಕೃತಿಗಳನ್ನೂ ಸುಟ್ಟರು. ತೀರ್ಪು ಕೊಟ್ಟ ಮೂವರು ಇನ್‌ಕ್ವಿಸಿಟರುಗಳಲ್ಲಿ ಕಿರಿಯನಾದ ಅಲೊನ್ಸೊ ದೆ ಸಲಾಸಾರ್‌ಗೆ ಸಾಕ್ಷ್ಯದ ಬಗ್ಗೆ ಸಮಾಧಾನವಿರಲಿಲ್ಲ. ಮರುವರ್ಷ ಅವನು ಕ್ಷಮಾದಾನದ ಆದೇಶ ಹಿಡಿದು ಬೆಟ್ಟದ ಹಳ್ಳಿಗಳಿಗೆ ಹೊರಟ. ತಿಂಗಳುಗಟ್ಟಲೆ ತಿರುಗಿದ. ತಪ್ಪೊಪ್ಪಿಕೊಂಡು ಬಂದವರು 1,802 ಮಂದಿ. ಅವರಲ್ಲಿ 1,384 ಮಂದಿ ಮಕ್ಕಳು.

ಸಲಾಸಾರ್ ಮಾಡಿದ್ದು ಬಹಳ ಸರಳ ಕೆಲಸ. ಮಾಟದ ಕೂಟ ಎಲ್ಲಿ ಸೇರುತ್ತದೆ ಎಂದು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದ, ಜಾಗಗಳು ಹೊಂದಲಿಲ್ಲ. ಹಾರಲು ಹಚ್ಚಿಕೊಳ್ಳುವ ಮುಲಾಮೆಂದು ತಂದುಕೊಟ್ಟ ಕುಡಿಕೆಗಳನ್ನು ವೈದ್ಯರಿಗೆ ತೋರಿಸಿ, ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ. ಅವು ಹೆದರಿಕೆಗೆ ಮಾಡಿಟ್ಟ ಸುಳ್ಳು ಮಿಶ್ರಣಗಳು. ಕೊನೆಗೆ ಮೇಲಧಿಕಾರಿಗಳಿಗೆ ಬರೆದ ವರದಿಯ ಸಾರ ಇಷ್ಟು: ಮಾಟದ ಬಗ್ಗೆ ಮಾತು ಬೋಧನೆ ಶುರುವಾಗುವ ಮೊದಲು ಆ ಸೀಮೆಯಲ್ಲಿ ಮಾಟಗಾರರೂ ಇರಲಿಲ್ಲ, ಮಾಟಕ್ಕೆ ಒಳಗಾದವರೂ ಇರಲಿಲ್ಲ. 1614ರಲ್ಲಿ ಮ್ಯಾಡ್ರಿಡ್‌ನ ಪರಮಸಭೆ ಹೊರಡಿಸಿದ ಸೂಚನೆಗಳು ಬಹುಪಾಲು ಅವನ ಸಲಹೆಯಂತೆಯೇ ಇದ್ದವು. ಬೆಳೆ ಹಾಳಾಗುವುದು ಮಾಟಗಾರರಿಲ್ಲದ ಊರಲ್ಲೂ ಉಂಟು, ಅದಕ್ಕೆ ಹವೆಯೇ ಕಾರಣವಿರಬಹುದು ಎಂದು ಜನಕ್ಕೆ ತಿಳಿಹೇಳಬೇಕೆಂಬ ಮಾತೂ ಅಲ್ಲಿತ್ತು. ಸ್ಪೇನಿನ ಇನ್‌ಕ್ವಿಸಿಷನ್ ಯಹೂದಿ ಮುಸ್ಲಿಂ ಮೂಲದವರ ಮೇಲೆ ನಡೆಸಿದ ಕ್ರೌರ್ಯಕ್ಕೆ ಇದರಿಂದ ಕ್ಷಮೆ ಸಿಗುವುದಿಲ್ಲ. ಆದರೆ ಮಾಟದ ವಿಷಯದಲ್ಲಿ ಅದು ಉತ್ತರದ ಎಷ್ಟೋ ಲೌಕಿಕ ನ್ಯಾಯಾಲಯಗಳಿಗಿಂತ ಮೊದಲೇ ಬುದ್ಧಿ ಕಲಿಯಿತು. ಕಲಿಸಿದವನು ಸೈತಾನನನ್ನು ನಂಬದ ಮನುಷ್ಯನಲ್ಲ; ಸೈತಾನ ಸುಳ್ಳುಗಾರ ಎಂಬುದನ್ನು ಗಂಭೀರವಾಗಿ ತೆಗೆದುಕೊಂಡು, ಹಾಗಾದರೆ ಅವನ ಸುಳ್ಳು ಈ ಆರೋಪಗಳಲ್ಲೇ ಇರಬಹುದಲ್ಲ ಎಂದು ಕೇಳಿದವನು.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವಂತಿಲ್ಲ. 1976ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅಪಸ್ಮಾರದ ಚಿಕಿತ್ಸೆಯಲ್ಲಿದ್ದ ಒಬ್ಬ ಕಾಲೇಜು ವಿದ್ಯಾರ್ಥಿನಿ, ತಿಂಗಳುಗಳ ಕಾಲ 67 ಸಲ ದೆವ್ವ ಬಿಡಿಸುವ ವಿಧಿಗೆ ಒಳಗಾಗಿ, ಅನ್ನ ನೀರು ಬಿಟ್ಟು ಸತ್ತಳು. ಬಿಷಪ್ಪರ ಒಪ್ಪಿಗೆ ಇತ್ತು. 1978ರಲ್ಲಿ ನ್ಯಾಯಾಲಯ ತಂದೆತಾಯಿಯನ್ನೂ ಇಬ್ಬರು ಪಾದ್ರಿಗಳನ್ನೂ ನಿರ್ಲಕ್ಷ್ಯದ ಸಾವಿಗೆ ಹೊಣೆ ಮಾಡಿತು. ಇಂಗ್ಲೆಂಡಿನ ಚರ್ಚು ತನ್ನದೇ ನೆಲದ ಒಂದು ದುರಂತದ ಬಳಿಕ 1975ರಲ್ಲಿ ಬಿಷಪ್ಪರ ಅನುಮತಿ ಮತ್ತು ವೈದ್ಯರ ಸಹಕಾರವಿಲ್ಲದೆ ಇಂಥದ್ದು ನಡೆಯಕೂಡದೆಂದು ನಿಯಮ ಮಾಡಿತ್ತು. ಕ್ಯಾಥೊಲಿಕ್ ಚರ್ಚು 1614ರ ವಿಧಿಯನ್ನು 1999ರಲ್ಲಿ ಪರಿಷ್ಕರಿಸಿತು. ಕಾಯಿಲೆಯೇ ಅಲ್ಲವೆಂದು ಖಚಿತಪಡಿಸಿಕೊಳ್ಳದೆ ಮುಂದುವರಿಯುವಂತಿಲ್ಲ. ನಿಯಮಗಳು ಒಳ್ಳೆಯವು. ಯಾವ ಬಿಷಪ್ಪರ ಕೈಗೂ ಸಿಗದ ಸ್ವತಂತ್ರ ಸಭೆಗಳಿಗೆ ಅವು ಅನ್ವಯಿಸುವುದಿಲ್ಲ. ಅಲ್ಲಿ ಮಾನಸಿಕ ಕಾಯಿಲೆಯ ಹುಡುಗಿಯ ಮಾತ್ರೆ ನಿಲ್ಲಿಸಿದವರನ್ನು ತಡೆಯಲು ಉಳಿದಿರುವುದು ಮಹಾರಾಷ್ಟ್ರದ 2013ರ, ಕರ್ನಾಟಕದ 2017ರ ಕಾನೂನುಗಳಂಥವು ಮಾತ್ರ. ಆ ಕಾನೂನುಗಳು ಎಲ್ಲ ಧರ್ಮದವರ ದೆವ್ವ ಬಿಡಿಸುವ ಹಿಂಸೆಗೂ ಒಂದೇ ಆಗಿರುವುದು ಸರಿಯಾದದ್ದೇ.

ಹಾಗಾದರೆ ಎಲ್ಲವನ್ನೂ ಮನಸ್ಸಿನ ಆಟ ಎಂದು ಮುಗಿಸಿಬಿಡಬಹುದೇ? ಮುಜುಗರದ ಗುಂಪು ಅದನ್ನೇ ಬಯಸುತ್ತದೆ. ಅದೂ ಸಾಲದು. ಎಫೆಸದ ಪತ್ರ ರಕ್ತಮಾಂಸದವರಲ್ಲ ಎಂದ ಮೇಲೆ ಯಾರ ಮೇಲೆ ಎಂದೂ ಹೇಳುತ್ತದೆ: ದೊರೆತನಗಳು, ಅಧಿಕಾರಗಳು. ಯಾವ ಒಬ್ಬನ ಎದೆಯಲ್ಲೂ ಪೂರ್ತಿ ಇಲ್ಲದ, ಆದರೆ ಎಲ್ಲರೂ ಸೇರಿ ನಡೆಸುವ ಕೇಡು ಒಂದಿದೆ. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚಿನ 1857ರ ಸಭೆ ಇದಕ್ಕೆ ಸಾಕ್ಷಿ. ಬಿಳಿಯರೂ ಉಳಿದವರೂ ಒಂದೇ ಕಡೆ ಪ್ರಭುಭೋಜನಕ್ಕೆ ಕೂರುವುದೇ ಅಪೇಕ್ಷಣೀಯ, ಶಾಸ್ತ್ರಸಮ್ಮತ ಎಂದು ಆ ಸಭೆಯೇ ಒಪ್ಪಿಕೊಂಡಿತು. ಆದರೆ ಕೆಲವರ ದೌರ್ಬಲ್ಯದ ಕಾರಣ ಬೇರೆ ಬೇರೆ ಕಟ್ಟಡಗಳಲ್ಲಿ ಕೂರಬಹುದು ಎಂದು ಠರಾವು ಮಾಡಿತು. ಯಾರೂ ಕಿರುಚಲಿಲ್ಲ, ಯಾರ ಮೈಯೂ ನಡುಗಲಿಲ್ಲ. ದೌರ್ಬಲ್ಯದ ಬಗ್ಗೆ ಕರುಣೆಯ ಭಾಷೆಯಲ್ಲೇ ಎಲ್ಲವೂ ನಡೆಯಿತು. 1881ಕ್ಕೆ ಬೇರೆ ಚರ್ಚೇ ಆಯಿತು; ಇಪ್ಪತ್ತನೇ ಶತಮಾನದಲ್ಲಿ ವರ್ಣಭೇದ ನೀತಿಗೆ ಶಾಸ್ತ್ರದ ಆಧಾರ ಇಲ್ಲಿಂದಲೇ ಬಂತು. ಹಾಗೆ ಹೊರಗಿಟ್ಟ ಚರ್ಚಿನವರೇ 1982ರಲ್ಲಿ ಬೆಲ್ಹಾರ್‌ನಲ್ಲಿ ಕರಡು ಮಾಡಿ 1986ರಲ್ಲಿ ಅಂಗೀಕರಿಸಿದ ವಿಶ್ವಾಸಘೋಷಣೆ ಈ ಬೇರ್ಪಡಿಕೆಯನ್ನು ಸುವಾರ್ತೆಗೇ ವಿರುದ್ಧವೆಂದು ನಿರಾಕರಿಸಿತು. ಅದರ ಜೊತೆಗಿದ್ದ ಪತ್ರದಲ್ಲಿ ಇದು ವ್ಯಕ್ತಿಗಳ ಮೇಲಿನ ದಾಳಿಯಲ್ಲ ಎಂದು ಸ್ಪಷ್ಟಪಡಿಸಿದ್ದರು. ನಿಲ್ಲುವುದು ಎಂದರೆ ಏನು ಎಂಬುದಕ್ಕೆ ಇದು ಒಂದು ಉತ್ತರ.

ಭಾರತದ ಚರ್ಚುಗಳು ಈ ಕಥೆಯನ್ನು ದೂರದ ದೇಶದ್ದೆಂದು ಓದುವಂತಿಲ್ಲ. ತಮಿಳುನಾಡಿನ ಕೆಲವು ಕಡೆ ದಲಿತ ಕ್ರೈಸ್ತರಿಗೆ ಈಗಲೂ ಬೇರೆ ಸಮಾಧಿಭೂಮಿ; ಕೆಲವೆಡೆ ಒಂದೇ ಭೂಮಿಯ ನಡುವೆ ಗೋಡೆ. ಈಸ್ಟರ್ ರಾತ್ರಿ ಮೋಂಬತ್ತಿ ಹಿಡಿದು, ಸೈತಾನನನ್ನೂ ಅವನ ಎಲ್ಲ ಕೆಲಸಗಳನ್ನೂ ತ್ಯಜಿಸುತ್ತೀರಾ ಎಂದು ಪಾದ್ರಿ ಕೇಳಿದಾಗ ಗೋಡೆಯ ಎರಡೂ ಕಡೆಯವರು ಹೌದು ಎನ್ನುತ್ತಾರೆ. ಆ ಗೋಡೆಯನ್ನು ಕಟ್ಟಿದವನ ಹೆಸರು ಈಗ ಯಾರಿಗೂ ನೆನಪಿಲ್ಲದಿರಬಹುದು; ಒಡೆಯಲು ಕೈ ಬರದವರು ಮಾತ್ರ ಹೆಸರು ಹಿಡಿದು ಕರೆಯಬಹುದಾದಷ್ಟು ಹತ್ತಿರ ಇದ್ದಾರೆ. ಅವರಾದರೂ ದೆವ್ವ ಹಿಡಿದವರಲ್ಲ. ಸಿಟ್ಟು ಒಳಗೇ ಕೂತವರಿಗೆ ಇವಾಗ್ರಿಯಸ್ ಹೇಳಿದ ಮದ್ದು, ಕರೆದು ಊಟ ಹಾಕುವುದು, ಇಲ್ಲಿ ಪಂಕ್ತಿಯ ಪ್ರಶ್ನೆಯಾಗುತ್ತದೆ. ಜಾತಿಯ ಊರಿನಲ್ಲಿ ಅದು ಉಪವಾಸಕ್ಕಿಂತ ಕಷ್ಟ.

ಅಂದಹಾಗೆ ಇವಾಗ್ರಿಯಸ್‌ನ ಕಥೆ ಅವನ ಸಾವಿನೊಂದಿಗೆ ಮುಗಿಯಲಿಲ್ಲ. ಅವನು ಸತ್ತು ನೂರೈವತ್ತು ವರ್ಷವಾದ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೊತ್ತಿಗೆ, ಆತ್ಮಗಳ ಮೂಲದ ಬಗ್ಗೆ ಅವನಿಗಿದ್ದ ವಿಚಾರಗಳಿಗಾಗಿ ಒರಿಗೆನ್ನನ ಜೊತೆಗೆ ಅವನನ್ನೂ ಬಹಿಷ್ಕರಿಸಲಾಯಿತು. ಎಷ್ಟೋ ಗ್ರೀಕ್ ಮೂಲಗಳು ಕಳೆದುಹೋದವು. ಎಂಟು ಆಲೋಚನೆಗಳಿಗೆ ಎದುರುತ್ತರದ ಕೈಪಿಡಿ ಉಳಿದದ್ದು ಸಿರಿಯಾಕ್ ಮತ್ತು ಅರ್ಮೇನಿಯನ್ ಅನುವಾದಗಳಲ್ಲಿ. ಪ್ರಾರ್ಥನೆಯ ಬಗ್ಗೆ ಅವನು ಬರೆದ ಪುಸ್ತಕವನ್ನು ಗ್ರೀಕ್ ಸಂನ್ಯಾಸಿಗಳು ಬಿಡಲಿಲ್ಲ. ನೈಲಸ್ ಎಂಬ ಇನ್ನೊಬ್ಬ ಸಂತನ ಹೆಸರು ಮೇಲೆ ಬರೆದು, ನೂರಾರು ವರ್ಷ ನಕಲು ಮಾಡುತ್ತಲೇ ಹೋದರು.